ಪತ್ತನಾಜೆಯ ತನಕ ಕರಂಡೆ ಪೊದೆಗೆ ಕತ್ತಿ ಹಾಕಬೇಡಿ

ಸಂಪಾದಕರಿಗೆ,

ಮಾನ್ಯರೇ,

ಕಳೆದ ವಾರ ನಿಮ್ಮ ಓದುಗರ ಅಂಕಣದಲ್ಲಿ ಹಿರಿಯರೊಬ್ಬರ ಪತ್ರ ಬಂದಿತ್ತು. ಈಗಿನ ಮಕ್ಕಳಿಗೆ ಕಾಡುಹಣ್ಣು ಬೇಡ, ಬ್ರೆಡ್ಡಿಗೆ ಜಾಮ್ ಸವರಿ ಕೊಟ್ಟರೆ ಸಾಕು ಅಂತ ಅವರ ಬೇಸರ. ಬೇಸರ ಸರಿಯೇ. ಆದರೆ ತಪ್ಪನ್ನೆಲ್ಲ ಮಕ್ಕಳ ತಲೆಗೆ ಕಟ್ಟಿದ್ದು ನನಗೆ ಸರಿ ಕಾಣಲಿಲ್ಲ. ಹಣ್ಣು ಕೈಗೆ ಸಿಕ್ಕಿದರೆ ತಾನೇ ಬೇಕೋ ಬೇಡವೋ ಅನ್ನುವುದು? ಕರಂಡೆ (ಘಟ್ಟದ ಮೇಲಿನವರ ಕವಳಿ ಹಣ್ಣು) ಕಪ್ಪಾಗುವ ಹೊತ್ತಿಗೆ ಸರಿಯಾಗಿ ನಾವು ದೊಡ್ಡವರು ಪೊದೆ ಕಡಿಸಿ ಇಟ್ಟಿರುತ್ತೇವೆ. ಆಮೇಲೆ ಮಕ್ಕಳಿಗೆ ಬೈಗುಳ.

ನಾನು ಉಡುಪಿ–ಹೆಬ್ರಿ ರೂಟಿನಲ್ಲಿ ಖಾಸಗಿ ಬಸ್ಸಿನ ಕಂಡಕ್ಟರ್ ಆಗಿದ್ದವನು. ಆಗೆಲ್ಲ ಬೇಸಿಗೆ ರಜೆಯಲ್ಲಿ ಹಿರಿಯಡಕ ದಾಟಿದರೆ ಪೆರ್ಡೂರಿನ ತನಕ ಸ್ಟಾಪು ಸ್ಟಾಪಿನಲ್ಲಿ ಮಕ್ಕಳು ಹಣ್ಣು ಹಿಡಿದು ನಿಂತಿರುತ್ತಿದ್ದರು. ತೇಗದ ಎಲೆಯ ಕೊಟ್ಟೆಯಲ್ಲಿ ಕರಂಡೆ, ಇಲ್ಲದಿದ್ದರೆ ನೇರಳೆ ಜಾತಿಯ ಸಣ್ಣ ಹಣ್ಣು ಕುಂಟಲ. ನನ್ನ ಚಿಲ್ಲರೆ ಎಷ್ಟೋ ಸಲ ಅಲ್ಲೇ ಖಾಲಿ. ಕುಂಟಲ ತಿಂದು ನಾಲಿಗೆ ನೀಲಿ ಮಾಡಿಕೊಂಡು ಟಿಕೆಟ್ ಟಿಕೆಟ್ ಅಂತ ಕೂಗಿದ್ದೂ ಉಂಟು. ಕಿಟಕಿ ಪಕ್ಕ ಕೂತ ಹೆಂಗಸರಿಗೆ ನಗು ತಡೆಯಲಾಗುತ್ತಿರಲಿಲ್ಲ. ಈಗ ಅದೇ ದಾರಿಯಲ್ಲಿ ಹೋದರೆ ಎಳನೀರು ಸಿಗುತ್ತದೆ, ಕಬ್ಬಿನ ಹಾಲು ಸಿಗುತ್ತದೆ. ಕರಂಡೆ ಹಿಡಿದು ನಿಂತ ಮಕ್ಕಳು ಕಾಣುವುದೇ ಅಪರೂಪ.

ಜಾಮ್ ಮಾಡುವ ಹುಚ್ಚು ನನಗೆ ಹತ್ತಿದ್ದು ಮಗಳಿಂದ. ಅವಳಿರುವುದು ಅಮೆರಿಕದ ಓಹಿಯೊದಲ್ಲಿ. ಅವಳ ಮನೆಯ ಹಿಂದೆ ಕಾಡಿನ ಅಂಚಿನಲ್ಲಿ ಕಪ್ಪು ರಾಸ್‌ಬೆರಿ ತಾನಾಗಿ ಬೆಳೆದಿದೆ. ಅಲ್ಲಿ ಜೂನ್ ಕೊನೆ, ಜುಲೈ ಅಂದರೆ ಹಣ್ಣಿನ ಕಾಲ. ನಮ್ಮಲ್ಲಿ ಜಡಿಮಳೆ, ಅವಳಲ್ಲಿ ಬಿಸಿಲು. ಉದ್ದ ತೋಳಿನ ಅಂಗಿ ಹಾಕಿಕೊಂಡು ಮುಳ್ಳಿನ ನಡುವೆ ಕೈ ತೂರಿಸುವುದನ್ನು ವಿಡಿಯೋ ಕಾಲ್‌ನಲ್ಲಿ ತೋರಿಸುತ್ತಾಳೆ. ಹಣ್ಣು ಕಿತ್ತರೆ ನಡುವಿನ ದಿಂಡು ಗಿಡದಲ್ಲೇ ಉಳಿಯುತ್ತದೆ. ಕೈಗೆ ಬರುವುದು ಚಿಕ್ಕ ಟೊಪ್ಪಿಯ ಹಾಗೆ ಒಳಗೆ ಪೊಳ್ಳಾದ ಹಣ್ಣು. ದಿಂಡೂ ಜೊತೆಗೇ ಬಂದರೆ ಅದು ಬ್ಲ್ಯಾಕ್‌ಬೆರಿ, ಬೇರೆ ಜಾತಿ. ಬೀಜ ಸಿಕ್ಕಾಪಟ್ಟೆ. ಹಾಗಾಗಿ ಬೇಯಿಸಿ, ಜರಡಿ ಹಿಡಿದು, ಸಕ್ಕರೆ ಮತ್ತು ನಿಂಬೆರಸ ಹಾಕಿ ಜಾಮ್ ಮಾಡುತ್ತಾಳೆ.

ಅವಳು ಹೇಳಿದ ಇನ್ನೊಂದು ಸಂಗತಿ ನನ್ನ ತಲೆಯಲ್ಲಿ ಕೂತುಬಿಟ್ಟಿತು. ಆ ಗಿಡದ ಕೋಲು ಮೊದಲ ವರ್ಷ ಬರೀ ಬೆಳೆಯುತ್ತದಂತೆ. ಎರಡನೇ ವರ್ಷ ಹಣ್ಣು ಬಿಟ್ಟು ಒಣಗುತ್ತದೆ. ಹಾಗಾಗಿ ಅಲ್ಲಿಯವರು ಹಣ್ಣು ಮುಗಿದ ಮೇಲೆ ಆ ಹಳೇ ಕೋಲನ್ನು ಮಾತ್ರ ಕಡಿಯುತ್ತಾರೆ. ಹೊಸ ಕೋಲು ಮುಟ್ಟುವುದಿಲ್ಲ, ಮುಟ್ಟಿದರೆ ಮುಂದಿನ ವರ್ಷದ ಹಣ್ಣು ಹೋಯಿತು. "ಅಪ್ಪ, ಯಾವುದನ್ನು ಯಾವಾಗ ಕಡಿಯಬೇಕು ಅಂತ ಪಕ್ಕದ ಮನೆ ಅಜ್ಜಿ ಮೊದಲ ವರ್ಷವೇ ಹೇಳಿಕೊಟ್ಟರು" ಅಂದಳು. ನಮ್ಮಲ್ಲಿ ಅಂಥ ಅಜ್ಜಿಯರಿಗೆ ಬರವಿಲ್ಲ. ಕೇಳುವವರು ಬೇಕಲ್ಲ.

ರಾಸ್‌ಬೆರಿಯ ದಾಯಾದಿ ನಮ್ಮ ರಾಜ್ಯದಲ್ಲೂ ಇದೆ. ಕೊಡಗು, ಚಿಕ್ಕಮಗಳೂರಿನ ಎತ್ತರದ ಜಾಗಗಳಲ್ಲಿ ಬೆಳೆಯುತ್ತದೆ, ಹಣ್ಣಾದಾಗ ಕಪ್ಪಾಗುತ್ತದೆ. ಹೊರದೇಶದವರು ಅದನ್ನು ಮೈಸೂರು ರಾಸ್‌ಬೆರಿ ಅನ್ನುತ್ತಾರೆ. ನಮ್ಮ ಕರಾವಳಿಯಲ್ಲಿ ಅದು ಕಾಣಸಿಗುವುದು ಅಪರೂಪ. ನಮಗೆ ಕರಂಡೆ ಇದೆಯಲ್ಲ, ಸಾಕು. ಜಾಮಿನ ವಿಷಯದಲ್ಲಿ ಅದು ಒಂದು ಕೈ ಮೇಲೆ ಅಂತಲೇ ನನ್ನ ವಾದ. ಮಗಳು ಒಪ್ಪುವುದಿಲ್ಲ, ಅದು ಬೇರೆ ಮಾತು.

ಯಾಕೆ ಮೇಲೆ ಅಂದರೆ, ಜಾಮ್ ಗಟ್ಟಿಯಾಗಲು ಹಣ್ಣಿನಲ್ಲಿ ಪೆಕ್ಟಿನ್ ಅನ್ನುವ ಅಂಟಿನ ಅಂಶ ಬೇಕು, ಹುಳಿ ಬೇಕು, ಸಕ್ಕರೆ ಬೇಕು. ಕರಂಡೆಯಲ್ಲಿ ಮೊದಲಿನ ಎರಡೂ ಬೇಕಾದಷ್ಟಿವೆ. ಪೆಕ್ಟಿನ್ ಪುಡಿ ತರಬೇಕಾಗಿಲ್ಲ, ನಿಂಬೆ ಹಿಂಡಬೇಕಾಗಿಲ್ಲ. ಒಂದೇ ಕಿವಿಮಾತು: ಎಲ್ಲವನ್ನೂ ಕಪ್ಪು ಹಣ್ಣೇ ಆರಿಸಬೇಡಿ. ಕಾಲು ಪಾಲು ಇನ್ನೂ ಕೆಂಪಗಿರುವ ದೋರೆಗಾಯಿ ಇರಲಿ. ಪೆಕ್ಟಿನ್, ಹುಳಿ ಎರಡೂ ಅದರಲ್ಲಿ ಜಾಸ್ತಿ. ರುಚಿಗೆ ಕಪ್ಪು, ಗಟ್ಟಿಗೆ ಕೆಂಪು.

ಕೊಯ್ಯುವ ಮೊದಲು ಕೈಗೆ ತೆಂಗಿನೆಣ್ಣೆ ಸವರಿಕೊಳ್ಳಬೇಕು. ತೊಟ್ಟಿನಿಂದ ಬಿಳಿ ಸೊನೆ ಬರುತ್ತದೆ, ಬೆರಳಿಗೆ ಅಂಟಿದರೆ ಸೋಪಿಗೆಲ್ಲ ಜಗ್ಗುವುದಿಲ್ಲ. ಹಣ್ಣನ್ನು ಉಪ್ಪುನೀರಿನಲ್ಲಿ ಸ್ವಲ್ಪ ಹೊತ್ತು ಬಿಟ್ಟು ತೊಳೆದು, ಮುಳುಗದಷ್ಟೇ ನೀರು ಹಾಕಿ ಬೇಯಿಸಿ. ಸಿಪ್ಪೆ ಬಿರಿದ ಮೇಲೆ ಮರದ ಸೌಟಿನಲ್ಲಿ ಜಜ್ಜಿ, ಜರಡಿಗೆ ಹಾಕಿ ಉಜ್ಜಿ. ಬೀಜ ಮೇಲೆ ಉಳಿಯುತ್ತದೆ, ಕೆಳಗೆ ದಪ್ಪ ಕೆಂಪು ತಿರುಳು ಇಳಿಯುತ್ತದೆ. ತಿರುಳು 1 ಕಿಲೋ ಇದ್ದರೆ ಸಕ್ಕರೆ 750 ಗ್ರಾಂನಿಂದ 1 ಕಿಲೋ, ಹಣ್ಣಿನ ಹುಳಿ ನೋಡಿಕೊಂಡು. ಕುಂಟಲ ಸಿಕ್ಕಿದರೆ ಒಂದು ಹಿಡಿ ಅದರ ತಿರುಳನ್ನೂ ಸೇರಿಸಿ. ಬಣ್ಣ ಕಪ್ಪಿಗೆ ತಿರುಗುತ್ತದೆ, ಸಣ್ಣ ಒಗರು ಬರುತ್ತದೆ. ಜಾಸ್ತಿ ಹಾಕಿದರೆ ಬರೀ ಒಗರೇ.

ಅಗಲ ಬಾಯಿಯ ಸ್ಟೀಲ್ ಪಾತ್ರೆಯೇ ಆಗಬೇಕು. ಅಲ್ಯೂಮಿನಿಯಂ ಬೇಡ, ಇಷ್ಟು ಹುಳಿಗೆ ಅದು ಆಗಿಬರುವುದಿಲ್ಲ. ಉರಿ ಜೋರಾಗಿರಲಿ, ಒಂದು ಸಲಕ್ಕೆ ಸ್ವಲ್ಪವೇ ಮಾಡಿ. ಹೆಚ್ಚು ಹೊತ್ತು ಕುದಿಸಿದರೆ ಪೆಕ್ಟಿನ್ ಒಡೆದು ಜಾಮ್ ಹಿಡಿಯುವುದಿಲ್ಲ. ಕುದಿಯುವಾಗ ಗುಲಾಬಿ ನೊರೆ ಅಂಚಿಗೆ ಬಂದು ನಿಲ್ಲುತ್ತದೆ. ಅದನ್ನು ತೆಗೆದು ಬಟ್ಟಲಿಗೆ ಹಾಕಬೇಕು. ನಮ್ಮ ಮನೆಯಲ್ಲಿ ಆ ಬಟ್ಟಲಿಗೆ ಮಗನ ಮಕ್ಕಳು ಜಗಳ ಆಡುತ್ತಾರೆ, ಕಾಡುಹಣ್ಣು ಬೇಡ ಅನ್ನುವ ತಲೆಮಾರಿನವರೇ. ಮೊದಲು ದೊಡ್ಡ ಗುಳ್ಳೆ ಎದ್ದು ಎಲ್ಲ ಕಡೆ ಸಿಡಿಯುತ್ತದೆ. ಆಮೇಲೆ ಗುಳ್ಳೆ ಸಣ್ಣದಾಗುತ್ತದೆ, ಸದ್ದು ಭಾರವಾಗುತ್ತದೆ, ಸೌಟಿನಿಂದ ಹನಿ ಬೀಳದೆ ಹಾಳೆ ಹಾಳೆಯಾಗಿ ಜಾರುತ್ತದೆ. ಫ್ರಿಜ್ಜಿನಲ್ಲಿಟ್ಟ ಸ್ಟೀಲ್ ತಟ್ಟೆಗೆ ಒಂದು ತೊಟ್ಟು ಬಿಟ್ಟು, ತಣಿದ ಮೇಲೆ ಬೆರಳಿನಿಂದ ತಳ್ಳಿ. ಮೇಲೆ ನೆರಿಗೆ ಬಿದ್ದರೆ ಒಲೆ ಆರಿಸಿ. ಥರ್ಮಾಮೀಟರ್ ಇದ್ದವರಿಗೆ 105 ಡಿಗ್ರಿ. ಅದು ಸಮುದ್ರ ಮಟ್ಟದ ನಮ್ಮ ಲೆಕ್ಕ. ಮಡಿಕೇರಿಯಲ್ಲಿ ನೀರೇ ಸುಮಾರು 96 ಡಿಗ್ರಿಗೆ ಕುದಿಯುತ್ತದೆ. ಅಲ್ಲಿರುವ ನನ್ನ ಭಾವನಿಗೆ 101ಕ್ಕೇ ಇಳಿಸಲು ಹೇಳಿದ್ದೇನೆ. ಕುದಿಸಿ ಒಣಗಿಸಿದ ಗಾಜಿನ ಬಾಟಲಿಗೆ ಬಿಸಿ ಇರುವಾಗಲೇ ತುಂಬಿಸಿ ಮುಚ್ಚಳ ಹಾಕಿದರೆ ಮುಗಿಯಿತು. ಬ್ರೆಡ್ಡೇ ಆಗಬೇಕು ಅಂತೇನೂ ಇಲ್ಲ. ನೀರುದೋಸೆಗೆ ಹಚ್ಚಿ ತಿಂದು ನೋಡಿ.

ಅಂಗಡಿ ಜಾಮನ್ನು ನಾನು ಬೈಯುವುದಿಲ್ಲ. 2011ರ ಆಹಾರ ಸುರಕ್ಷತಾ ನಿಯಮದ ಪ್ರಕಾರ ಜಾಮ್ ಅನ್ನಲು ಹಣ್ಣು ಕಡಿಮೆ ಅಂದರೂ ಶೇ. 45 ಇರಬೇಕು. ಸ್ಟ್ರಾಬೆರಿ, ರಾಸ್‌ಬೆರಿಗೆ ಮಾತ್ರ ಶೇ. 25 ಸಾಕು. ಬಾಟಲಿಯ ಹಿಂದೆ ಸಣ್ಣ ಅಕ್ಷರದಲ್ಲಿ ಬರೆದಿರುತ್ತದೆ, ಓದಿ.

ಈಗ ಪೊದೆಯ ವಿಷಯ. ಇದಕ್ಕೇ ಈ ಪತ್ರ. ಕಳೆದ ಮೇ ತಿಂಗಳಲ್ಲಿ ನಮ್ಮ ಮನೆಯ ಮೇಲಿನ ಪದವಿಗೆ (ಎತ್ತರದ ಕಲ್ಲುಬಯಲಿಗೆ) ಜೆಸಿಬಿ ಬಂತು. ಒಳರಸ್ತೆಯ ಬದಿ "ಕ್ಲೀನ್" ಮಾಡಲಿಕ್ಕೆ ಅಂತೆ. ಚರಂಡಿಯ ಹೂಳು ತೆಗೆದದ್ದು ಒಳ್ಳೆಯದೇ, ಮಳೆಗೆ ಮೊದಲು ಆ ಕೆಲಸ ಆಗಬೇಕು. ಆದರೆ ಚರಂಡಿಯಿಂದ ಮೇಲೆ, ದರೆಯ ಅಂಚಿನಲ್ಲಿದ್ದ ಕರಂಡೆ ಸಾಲನ್ನೂ ಬುಡಸಮೇತ ಕಿತ್ತು ರಾಶಿ ಹಾಕಿದರು. ಹಣ್ಣು ಅರ್ಧ ಕೆಂಪು, ಅರ್ಧ ಕಪ್ಪು. ರಾಶಿಯ ಮೇಲೆ ಪಿಕಳಾರ ಹಕ್ಕಿಗಳು ಕೂತು ತಿನ್ನುತ್ತಿದ್ದವು. ಜೆಸಿಬಿಯ ಹುಡುಗ ಘಟ್ಟದ ಮೇಲಿನವನು. "ನಮ್ಮೂರಾಗೂ ಐತ್ರೀ ಈ ಹಣ್ಣು. ಏನ್ ಮಾಡೂದ್ರೀ, ಕೆಲಸ ಹೇಳಿದವ್ರು ಎಲ್ಲಾ ಕೀಳು ಅಂದಾರ" ಅಂದ. ಅವನನ್ನು ಬೈದು ಏನು ಮಾಡುವುದು? ಎರಡು ದಿನ ಬಿಟ್ಟು ಅದೇ ರಾಶಿಗೆ ಬೆಂಕಿ ಕೊಟ್ಟರು.

ಕತ್ತಿಯಲ್ಲಿ ಸವರಿದರೆ ಕರಂಡೆ ಮತ್ತೆ ಚಿಗುರುತ್ತದೆ. ಬುಡ ಕಿತ್ತರೆ ಹೋಯಿತು. ಕೆಂಪುಕಲ್ಲಿನ ಪಾದೆಯ ಸಂದಿಯಲ್ಲಿ, ಬೇಸಿಗೆಯಲ್ಲಿ ಒಂದು ಹನಿ ನೀರಿಲ್ಲದೆ ಬದುಕುವ ಗಿಡ ಅದು. ಅಲ್ಲಿ ನಾವು ಬೇರೆ ಏನು ನೆಟ್ಟು ಬೆಳೆಸುತ್ತೇವೆ?

ನನ್ನ ಬೇಡಿಕೆ ದೊಡ್ಡದೇನಲ್ಲ. ಬಿಸುವಿನಿಂದ ಪತ್ತನಾಜೆಯ ತನಕ, ಅಂದರೆ ಏಪ್ರಿಲ್ ಮಧ್ಯದಿಂದ ಮೇ 24-25ರ ತನಕ, ರಸ್ತೆ ಬದಿಯ ಹಣ್ಣಿನ ಪೊದೆ ಮುಟ್ಟಬೇಡಿ. ಯಕ್ಷಗಾನ ಮೇಳಗಳು ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚುವ ತನಕ ಒಂದು ತಾಳ್ಮೆ. ಅಷ್ಟರಲ್ಲಿ ಹೆಚ್ಚಿನ ಹಣ್ಣು ಮುಗಿದಿರುತ್ತದೆ, ಮಳೆ ಹಿಡಿದ ಮೇಲೆ ಉಳಿದದ್ದಕ್ಕೂ ರುಚಿ ಇರುವುದಿಲ್ಲ. ಕರೆಂಟಿನ ತಂತಿಗೆ ತಾಗುವ ಗೆಲ್ಲಾದರೆ ಯಾವಾಗ ಬೇಕಾದರೂ ಕಡಿಯಲಿ, ಅದಕ್ಕೆ ನನ್ನ ತಕರಾರಿಲ್ಲ. ತಿರುವಿನಲ್ಲಿ ಎದುರಿನ ವಾಹನ ಕಾಣದ ಹಾಗೆ ಬೆಳೆದಿದ್ದರೂ ಕಡಿಯಲೇಬೇಕು, ಬಸ್ಸಿನಲ್ಲಿ ದುಡಿದವನಿಗೆ ಅದರ ಕಷ್ಟ ಗೊತ್ತು. ಉಳಿದದ್ದನ್ನು ಸುಮ್ನೆ ಬಿಡಿ. ಕಡಿಯುವಾಗಲೂ ಕತ್ತಿಯಲ್ಲಿ ಕಡಿಯಿರಿ, ಬುಡ ಎಬ್ಬಿಸಬೇಡಿ.

ಜಾಗ ಇದ್ದವರು ಬೇಲಿಗೂ ಕರಂಡೆ ನೆಡಬಹುದು. ಮುಳ್ಳಿನ ಗಿಡ, ದನ ನುಗ್ಗುವುದಿಲ್ಲ. ಬೇಯಿಸಿದ ಬೀಜ ಹುಟ್ಟುವುದಿಲ್ಲವಾದ್ದರಿಂದ ಜಾಮಿಗೆ ಹಾಕುವ ಮೊದಲೇ ಒಳ್ಳೆಯ ನಾಲ್ಕು ಹಣ್ಣು ಹಿಸುಕಿ ಬೀಜ ತೆಗೆದಿಡಿ. ಒಣಗಿಸಿ ಡಬ್ಬಿಯಲ್ಲಿ ಇಟ್ಟರೆ ಪ್ರಯೋಜನ ಇಲ್ಲ, ಹಸಿಯಾಗಿದ್ದಾಗಲೇ ಮಣ್ಣು ತುಂಬಿದ ಪ್ಲಾಸ್ಟಿಕ್ ತೊಟ್ಟೆಗೆ ಹಾಕಬೇಕು. ಮುಂದಿನ ವರ್ಷದ ಮಳೆಗಾಲಕ್ಕೆ ಸಸಿ ನೆಲಕ್ಕೆ ಇಳಿಸಬಹುದು.

ಪೊದೆಯ ವಿಷಯವನ್ನು ನಮ್ಮ ಮುಂದಿನ ಗ್ರಾಮಸಭೆಯಲ್ಲಿ ಎತ್ತುವವನಿದ್ದೇನೆ. ಬೇರೆ ಊರಿನವರೂ ತಮ್ಮ ತಮ್ಮ ಸಭೆಯಲ್ಲಿ ಎತ್ತಲಿ. ಅರ್ಜಿ ಬರೆದುಕೊಂಡೇ ಹೋಗಿ. ಬಾಯಲ್ಲಿ ಹೇಳಿದ್ದನ್ನು ಯಾರೂ ನಡಾವಳಿ ಪುಸ್ತಕಕ್ಕೆ ಏರಿಸುವುದಿಲ್ಲ.

ಇತಿ,
ನಿವೃತ್ತ ಬಸ್ ಕಂಡಕ್ಟರ್
ಹಿರಿಯಡಕ, ಉಡುಪಿ