ಶ್ರೀನಾಥ್ ಸಾಧನೆಗೆ ಒಂದೇ ಸಾಲು ಸಾಲದು

ಮಾನ್ಯ ಸಂಪಾದಕರೇ,

ಭಾರತದ ವೇಗದ ಬೌಲರ್‌ಗಳ ಕುರಿತು ತಮ್ಮ ಕ್ರೀಡಾಪುಟದಲ್ಲಿ ಈಚೆಗೆ ಪ್ರಕಟವಾದ ಪಟ್ಟಿಯನ್ನು ಆಸಕ್ತಿಯಿಂದ ಓದಿದೆ. ವಿಕೆಟ್‌ಗಳ ಒಟ್ಟು ಸಂಖ್ಯೆಯೊಂದನ್ನೇ ಅಳತೆಗೋಲಾಗಿ ಇಟ್ಟುಕೊಂಡ ಆ ಪಟ್ಟಿಯಲ್ಲಿ ಜಾವಗಲ್ ಶ್ರೀನಾಥ್ ಅವರ ಪಾಲಿಗೆ ಬಂದದ್ದು ‘67 ಟೆಸ್ಟ್, 236 ವಿಕೆಟ್’ ಎಂಬ ಒಂದು ಸಾಲು ಮಾತ್ರ. ಅಂಕಿ ಸರಿಯಾಗಿಯೇ ಇದೆ. ಆದರೆ ಮೂವತ್ತು ವರ್ಷ ಮಕ್ಕಳಿಗೆ ಗಣಿತ ಹೇಳಿಕೊಟ್ಟವನಾದ ನನಗೆ, ಲೆಕ್ಕವನ್ನು ಅರ್ಧಕ್ಕೇ ನಿಲ್ಲಿಸಿ ಉತ್ತರ ಬರೆದಂತೆ ಅದು ಕಂಡಿತು.

ಲೆಕ್ಕವನ್ನು ಒಂದು ಹೆಜ್ಜೆ ಮುಂದಕ್ಕೆ ಒಯ್ಯೋಣ. ಕಪಿಲ್ ದೇವ್ 131 ಟೆಸ್ಟ್‌ಗಳಲ್ಲಿ 434 ವಿಕೆಟ್ ಪಡೆದರು. ಜಹೀರ್ ಖಾನ್ 92 ಟೆಸ್ಟ್‌ಗಳಲ್ಲಿ, ಇಶಾಂತ್ ಶರ್ಮಾ 105 ಟೆಸ್ಟ್‌ಗಳಲ್ಲಿ ತಲಾ 311 ಪಡೆದರು. ಪಂದ್ಯಗಳಿಂದ ಭಾಗಿಸಿದರೆ ಕಪಿಲ್ ಅವರದು ಪಂದ್ಯಕ್ಕೆ 3.31, ಜಹೀರ್ ಅವರದು 3.38, ಇಶಾಂತ್ ಅವರದು 2.96 ವಿಕೆಟ್ ಆಗುತ್ತದೆ. ಶ್ರೀನಾಥ್ ಅವರದು 3.52. ಅದೂ ಸ್ಪಿನ್ನರ್ ಅನಿಲ್ ಕುಂಬ್ಳೆಯಂಥವರು ಇನ್ನೊಂದು ತುದಿಯಿಂದ ದಿನವಿಡೀ ಎಸೆಯುತ್ತ, ಸಿಗುವ ವಿಕೆಟ್‌ಗಳಲ್ಲಿ ದೊಡ್ಡ ಪಾಲನ್ನು ತಾವೇ ತೆಗೆದುಕೊಳ್ಳುತ್ತಿದ್ದ ಕಾಲದಲ್ಲಿ. ಮೊಹಮ್ಮದ್ ಶಮಿ ಮತ್ತು ಜಸ್‌ಪ್ರೀತ್ ಬೂಮ್ರಾ ಈ ಲೆಕ್ಕದಲ್ಲೂ ಮೇಲಿದ್ದಾರೆ, ಅದರಲ್ಲಿ ತಕರಾರಿಲ್ಲ. ಹಾಗೆಂದು ಕಪಿಲ್ ಅವರಿಗಿಂತ ಶ್ರೀನಾಥ್ ದೊಡ್ಡವರು ಎಂಬ ವಾದವನ್ನೂ ನಾನು ಹೂಡುತ್ತಿಲ್ಲ. ಒಟ್ಟು ಸಂಖ್ಯೆಯ ಇಳಿಕೆ ಕ್ರಮವೇ ಅರ್ಹತೆಯ ಕ್ರಮವಲ್ಲ ಎಂಬುದಷ್ಟೇ ನನ್ನ ಮಾತು.

67 ಎಂಬ ಸಂಖ್ಯೆ ಅಷ್ಟು ಚಿಕ್ಕದಾಗಿ ಉಳಿದದ್ದೇಕೆ ಎಂಬುದನ್ನೂ ಹೇಳಬೇಕಿತ್ತು. 1991ರ ನವೆಂಬರ್‌ನಲ್ಲಿ ಬ್ರಿಸ್ಬೇನ್‌ನಲ್ಲಿ ಆಸ್ಟ್ರೇಲಿಯಾ ವಿರುದ್ಧ ಟೆಸ್ಟ್ ಪದಾರ್ಪಣೆ ಮಾಡಿದ ಅವರಿಗೆ ತವರಿನಲ್ಲಿ ಮೊದಲ ಟೆಸ್ಟ್ ಆಡಲು 1994ರ ಕೊನೆಯವರೆಗೆ ಕಾಯಬೇಕಾಯಿತು. ಮೂವರು ಸ್ಪಿನ್ನರ್‌ಗಳು, ಹೊಸ ಚೆಂಡಿನ ಹೊಳಪು ತೆಗೆಯಲು ಕಪಿಲ್ ಮತ್ತು ಇನ್ನೊಬ್ಬರು ಎಂಬುದು ಆಗಿನ ಸೂತ್ರ; ಆ ಇನ್ನೊಬ್ಬರು ಹೆಚ್ಚಾಗಿ ಮನೋಜ್ ಪ್ರಭಾಕರ್ ಆಗಿರುತ್ತಿದ್ದರು. ಇಪ್ಪತ್ತೆರಡರಿಂದ ಇಪ್ಪತ್ತೈದರವರೆಗಿನ, ವೇಗಿಯ ತೋಳಿನಲ್ಲಿ ಕಸುವು ತುಂಬಿರುವ ವಯಸ್ಸು ಹೀಗೆ ಡ್ರೆಸಿಂಗ್ ರೂಮಿನ ಬಾಲ್ಕನಿಯಲ್ಲಿ ಕಳೆಯಿತು. ಅದಾದ ಮೇಲೆ 1997ರಲ್ಲಿ ಭುಜದ ನೋವು, ಶಸ್ತ್ರಚಿಕಿತ್ಸೆ, ಕೈತಪ್ಪಿದ ವೆಸ್ಟ್ ಇಂಡೀಸ್ ಪ್ರವಾಸ. ಮರಳಿದವರು ಮೊದಲಿನ ವೇಗವನ್ನು ತುಸು ಬಿಟ್ಟುಕೊಟ್ಟು, ಕಟರ್‌ಗಳನ್ನು (ನೆಲಕ್ಕೆ ಬಿದ್ದ ಮೇಲೆ ದಿಕ್ಕು ಬದಲಿಸುವ ಎಸೆತಗಳನ್ನು) ಮತ್ತು ನಿಧಾನಗತಿಯ ಎಸೆತವನ್ನು ಹೆಚ್ಚು ನೆಚ್ಚಿಕೊಂಡರು.

ಅಹಮದಾಬಾದ್‌ನ ಒಂದು ಇನಿಂಗ್ಸ್ ನೆನಪಿಸಿಕೊಳ್ಳಿ. 1996ರ ನವೆಂಬರ್ 23, ಶನಿವಾರ. ಬೆಳಗಿನ ಶಾಲೆ ಮುಗಿಸಿ ಬಂದು, ಟ್ರಾನ್ಸಿಸ್ಟರ್ ಮುಂದೆ ನೋಟ್‌ಪುಸ್ತಕ ಹರಡಿಕೊಂಡು ಕುಳಿತಿದ್ದೆ. ಬಾನುಲಿ ವೀಕ್ಷಕ ವಿವರಣೆ ಕೇಳುತ್ತ ಸ್ಕೋರು ಬರೆಯುವುದು ಆಗ ನನ್ನ ಹವ್ಯಾಸ. ದಕ್ಷಿಣ ಆಫ್ರಿಕಾದ ಮುಂದಿದ್ದ ಗುರಿ ಕೇವಲ 170. ಚೆಂಡು ತಿರುಗುತ್ತಿದ್ದ, ಮೊಣಕಾಲೆತ್ತರಕ್ಕೂ ಏಳಲು ತಕರಾರು ಮಾಡುತ್ತಿದ್ದ ಅಂಥ ಪಿಚ್‌ನಲ್ಲಿ ಕುಂಬ್ಳೆಯವರೇ ಗೆಲ್ಲಿಸಬೇಕು ಎಂದು ಎಲ್ಲರೂ ಅಂದುಕೊಂಡಿದ್ದಾಗ ಗೆಲ್ಲಿಸಿಕೊಟ್ಟವರು ಶ್ರೀನಾಥ್. 21 ರನ್‌ಗೆ 6 ವಿಕೆಟ್; ದಕ್ಷಿಣ ಆಫ್ರಿಕಾ 105ಕ್ಕೆ ಆಲೌಟ್; ಭಾರತಕ್ಕೆ 64 ರನ್‌ಗಳ ಜಯ. ಆಫ್ ಸ್ಟಂಪಿನ ಹೊರಗೆ ಬಿದ್ದು ಬಲಗೈ ಬ್ಯಾಟರ್‌ನತ್ತ ಒಳನುಗ್ಗುವ, ನೆಲಕಚ್ಚಿ ಸಾಗುವ ಆ ಎಸೆತಕ್ಕೆ ಬ್ಯಾಟು ಕೆಳಗಿಳಿಯುವಷ್ಟರಲ್ಲಿ ಕೆಲಸ ಮುಗಿದಿರುತ್ತಿತ್ತು.

ನಮ್ಮ ನೆಲದ ಪಿಚ್‌ಗಳು ವೇಗಿಗಳಿಗೆ ಶಾಪ ಎಂಬ ಮಾತನ್ನು ನಾವು ಗಿಳಿಪಾಠದಂತೆ ಒಪ್ಪಿಸುತ್ತೇವೆ. ಸ್ವಾರಸ್ಯವೆಂದರೆ ಶ್ರೀನಾಥ್ ಅವರ ಟೆಸ್ಟ್ ಸರಾಸರಿ (ಒಂದು ವಿಕೆಟ್‌ಗೆ ಕೊಟ್ಟ ರನ್; ಕಡಿಮೆಯಾದಷ್ಟೂ ಒಳ್ಳೆಯದು) ವಿದೇಶಕ್ಕಿಂತ ತವರಿನಲ್ಲೇ ಚೆನ್ನಾಗಿದೆ. ಪುಟಿತ ಹೆಚ್ಚಿರುವ ಹೊರದೇಶದ ಪಿಚ್‌ಗಳಲ್ಲಿ ಅವರು ಅಗತ್ಯಕ್ಕಿಂತ ಗಿಡ್ಡವಾಗಿ ಎಸೆಯುತ್ತಿದ್ದರು, ಬ್ಯಾಟಿನ ಅಂಚನ್ನು ದಾಟಿಹೋದ ಚೆಂಡಿಗೆ ಚಪ್ಪಾಳೆ ಸಿಗುತ್ತಿತ್ತೇ ಹೊರತು ವಿಕೆಟ್ ಸಿಗುತ್ತಿರಲಿಲ್ಲ. ಅವರ ಅಭಿಮಾನಿಯಾಗಿಯೂ ಈ ದೋಷವನ್ನು ನಾನು ಒಪ್ಪಿಕೊಳ್ಳುತ್ತೇನೆ. ಒಟ್ಟಾರೆ ಸರಾಸರಿ 30.49ಕ್ಕೆ ನಿಲ್ಲಲು ಅದೂ ಒಂದು ಕಾರಣ.

ಅಂಕಿಗಳ ಪಟ್ಟಿಗೆ ಎಂದೂ ಸಿಗದ ಒಂದು ಓವರ್ ನನ್ನ ನೋಟ್‌ಪುಸ್ತಕದಲ್ಲಿದೆ. 1999ರ ಫೆಬ್ರುವರಿ 7, ದೆಹಲಿಯ ಫಿರೋಜ್ ಷಾ ಕೋಟ್ಲಾ. ಪಾಕಿಸ್ತಾನದ ಒಂಬತ್ತೂ ವಿಕೆಟ್‌ಗಳನ್ನು ಕುಂಬ್ಳೆಯವರೇ ಉರುಳಿಸಿದ್ದರು, ಉಳಿದದ್ದು ಒಂದು. ಇನ್ನೊಂದು ತುದಿಯಿಂದ ಬೌಲಿಂಗ್‌ಗೆ ಬಂದ ಶ್ರೀನಾಥ್, ಬ್ಯಾಟಿಗೆ ತಾಗದಷ್ಟು ದೂರಕ್ಕೆ, ಆಫ್ ಸ್ಟಂಪಿನ ಆಚೆಗೆ ಎಸೆಯುತ್ತ ಹೋದರು. ಅಂಪೈರ್ ಕೈ ಚಾಚಿದರು. ನಾನು ಪೆನ್ಸಿಲಿನಲ್ಲಿ ‘ವೈಡ್’ ಎಂದು ಬರೆದು, ಪಕ್ಕದಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದೇನೆ. ಹತ್ತನೆಯ ವಿಕೆಟ್ಟೂ ಕುಂಬ್ಳೆಯವರಿಗೇ ಸಿಗಲಿ ಎಂದು ಬೇಕೆಂದೇ ಹಾಗೆ ಎಸೆಯುತ್ತಿದ್ದಾರೆ ಎಂಬುದು ಹೊಳೆಯಲು ನನಗೆ ಒಂದೆರಡು ಎಸೆತ ಬೇಕಾದವು. ಹನ್ನೊಂದನೆಯ ಬ್ಯಾಟರ್‌ನ ವಿಕೆಟ್ ಎಂದರೆ ವೇಗಿಗೆ ಕೈತುತ್ತು. ಅದನ್ನು ಬೇಡವೆಂದು ಪಕ್ಕಕ್ಕಿಟ್ಟವರ ಖಾತೆಯಲ್ಲಿ ಆ ದಿನ ಜಮೆಯಾದದ್ದು ವೈಡ್‌ಗಳು ಮಾತ್ರ. ಮುಂದಿನ ಓವರಿನಲ್ಲಿ ವಾಸಿಂ ಅಕ್ರಂ ಔಟಾದರು, ಕುಂಬ್ಳೆಯವರ 74ಕ್ಕೆ 10 ಇತಿಹಾಸವಾಯಿತು.

ಅದಾಗಿ ಒಂಬತ್ತೇ ದಿನಕ್ಕೆ, ಅಂದಿನ ಕಲ್ಕತ್ತದ ಈಡನ್ ಗಾರ್ಡನ್ಸ್‌ನಲ್ಲಿ ಅದೇ ಪಾಕಿಸ್ತಾನದ ಎದುರು ಏಷ್ಯನ್ ಟೆಸ್ಟ್ ಚಾಂಪಿಯನ್‌ಷಿಪ್ ಪಂದ್ಯ ಆರಂಭವಾಯಿತು. ಮೊದಲ ಬೆಳಿಗ್ಗೆ ಪಾಕಿಸ್ತಾನ 26 ರನ್‌ಗೆ 6 ವಿಕೆಟ್ ಕಳೆದುಕೊಂಡಿತು. ಶ್ರೀನಾಥ್ ಆ ಇನಿಂಗ್ಸ್‌ನಲ್ಲಿ 46ಕ್ಕೆ 5, ಎರಡನೆಯದರಲ್ಲಿ 86ಕ್ಕೆ 8, ಒಟ್ಟು 132ಕ್ಕೆ 13 ವಿಕೆಟ್ ಪಡೆದರು. ಸಯೀದ್ ಅನ್ವರ್ ಔಟಾಗದೆ 188 ರನ್ ಗಳಿಸಿ ನಿಂತರು, ಸಚಿನ್ ರನೌಟ್ ಆದದ್ದಕ್ಕೆ ಗಲಾಟೆಯಾಯಿತು, ಪ್ರೇಕ್ಷಕರನ್ನು ಹೊರಗೆ ಕಳುಹಿಸಿ ಖಾಲಿ ಮೈದಾನದಲ್ಲಿ ಪಂದ್ಯ ಮುಗಿಸಿದರು, ಭಾರತ 46 ರನ್‌ಗಳಿಂದ ಸೋತಿತು. ಜನರ ನೆನಪಿನಲ್ಲಿ ಉಳಿದದ್ದು ಆ ರನೌಟು ಮತ್ತು ಬಿಕೋ ಎನ್ನುತ್ತಿದ್ದ ಗ್ಯಾಲರಿಗಳು. ಒಂದೇ ಟೆಸ್ಟ್‌ನಲ್ಲಿ ಹದಿಮೂರು ವಿಕೆಟ್ ಕಿತ್ತ ವೇಗಿ ಸೋತ ತಂಡದವರಾದ್ದರಿಂದ ಹಿನ್ನೆಲೆಗೆ ಸರಿದರು. ಗೆದ್ದಿದ್ದರೆ ತಮ್ಮ ಪಟ್ಟಿಯೂ ಬೇರೆ ರೀತಿ ಇರುತ್ತಿತ್ತೋ ಏನೋ.

ಏಕದಿನ ಪಂದ್ಯಗಳ ಪ್ರಸ್ತಾಪವೇ ಪಟ್ಟಿಯಲ್ಲಿ ಇರಲಿಲ್ಲ. 229 ಪಂದ್ಯಗಳಲ್ಲಿ 315 ವಿಕೆಟ್, ಸರಾಸರಿ 28.08. ಏಕದಿನ ಕ್ರಿಕೆಟ್‌ನಲ್ಲಿ ಮುನ್ನೂರರ ಗಡಿ ದಾಟಿದ ಮೊದಲ ಭಾರತೀಯ ವೇಗಿ ಅವರು. ಅಜಿತ್ ಅಗರ್ಕರ್ 288ಕ್ಕೆ, ಜಹೀರ್ 282ಕ್ಕೆ ನಿಂತರು. ನಾಲ್ಕು ವಿಶ್ವಕಪ್‌ಗಳಲ್ಲಿ ಸೇರಿ ಶ್ರೀನಾಥ್ ಅವರಿಗೆ 44 ವಿಕೆಟ್. 2003ರಲ್ಲಿ ಜೋಹಾನ್ಸ್‌ಬರ್ಗ್‌ನಲ್ಲಿ ಶ್ರೀಲಂಕಾ 109ಕ್ಕೆ ಕುಸಿದಾಗ ಅವರದು 35ಕ್ಕೆ 4. ಅದೇ ಊರಿನಲ್ಲಿ ಕೆಲವೇ ದಿನಗಳ ನಂತರ ಫೈನಲ್‌ನಲ್ಲಿ ಆಸ್ಟ್ರೇಲಿಯಾ ಎದುರು 10 ಓವರ್‌ಗಳಲ್ಲಿ 87 ರನ್ ಕೊಟ್ಟು ವಿಕೆಟ್ ಇಲ್ಲದೆ ಹಿಂದಿರುಗಿದ್ದೂ ನಿಜ, ಅದೇ ಅವರ ಕೊನೆಯ ಅಂತರರಾಷ್ಟ್ರೀಯ ಪಂದ್ಯವಾದದ್ದೂ ನಿಜ. ಶ್ರೀನಾಥ್ ಹೆಸರೆತ್ತಿದ ಕೂಡಲೇ ಆ 87ನ್ನು ಎಣಿಸಿ ತೋರಿಸುವವರು ಆ 35ಕ್ಕೆ 4ನ್ನೂ ಪಕ್ಕದಲ್ಲಿ ಬರೆದುಕೊಳ್ಳಲಿ.

ಆದ್ದರಿಂದ ಮುಂದೆ ಇಂಥ ಪಟ್ಟಿಗಳನ್ನು ಪ್ರಕಟಿಸುವಾಗ ಆಡಿದ ಪಂದ್ಯ ಮತ್ತು ಪಡೆದ ವಿಕೆಟ್‌ಗಳ ಜೊತೆಗೆ ಸರಾಸರಿಯನ್ನೂ, ಒಂದು ವಿಕೆಟ್‌ಗೆ ಬೇಕಾದ ಎಸೆತಗಳನ್ನೂ, ತವರು ಮತ್ತು ವಿದೇಶದ ಲೆಕ್ಕವನ್ನು ಬೇರೆ ಬೇರೆಯಾಗಿಯೂ ಕೊಡಬೇಕೆಂದು ಕೋರುತ್ತೇನೆ. ಎರಡು ಅಂಕಣ ಹೆಚ್ಚಾದೀತು, ಅಷ್ಟೇ. ಇನ್ನೊಂದು ಚಿಕ್ಕ ಮಾತು: ಪಟ್ಟಿಯ ಕೆಳಗಿನ ಟಿಪ್ಪಣಿಯಲ್ಲಿ ಅವರನ್ನು ಬರಿದೇ ‘ಜಾವಗಲ್’ ಎಂದು ಕರೆಯಲಾಗಿದೆ. ಇಂಗ್ಲಿಷ್ ವೀಕ್ಷಕ ವಿವರಣೆಗಾರರು ಹಾಗೆ ಕರೆದರೆ ಕ್ಷಮಿಸಬಹುದು, ಕನ್ನಡ ಪತ್ರಿಕೆ ಕರೆಯಬಾರದು. ಜಾವಗಲ್ ಎಂಬುದು ನಮ್ಮ ಜಿಲ್ಲೆಯ, ಅರಸೀಕೆರೆ ತಾಲ್ಲೂಕಿನ ಊರು; ಮೈಸೂರಿನಲ್ಲಿ ಹುಟ್ಟಿದ ಬೌಲರ್‌ನ ಹೆಸರು ಶ್ರೀನಾಥ್.

ಅಹಮದಾಬಾದ್ ಮತ್ತು ಕೋಟ್ಲಾ ಪಂದ್ಯಗಳ ನನ್ನ ಸ್ಕೋರು ಹಾಳೆಗಳ ನೆರಳಚ್ಚು ಪ್ರತಿ ಬೇಕಿದ್ದಲ್ಲಿ ಸಂತೋಷದಿಂದ ಕಳುಹಿಸಿಕೊಡುತ್ತೇನೆ. ಕಲ್ಕತ್ತದ ಹಾಳೆಗೆ ಮಳೆನೀರು ತಾಗಿ ಮಸಿ ಹರಡಿದೆ. ಅದರಲ್ಲಿ ಶ್ರೀನಾಥ್ ಅವರ ಎಂಟು ವಿಕೆಟ್‌ಗಳ ಪೈಕಿ ಐದನ್ನು ಮಾತ್ರ ಓದಬಹುದು.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಗಣಿತ ಶಿಕ್ಷಕ, ಹಾಸನ