ನಿನ್ನ ಸೀಡಿಯಾ ಮಾರಾಟದ ಬಗ್ಗೆ

ಕುವೆಂಪುನಗರ, ಮೈಸೂರು

ಪ್ರೀತಿಯ ಪುಟ್ಟಿ,

ನಿನ್ನ ಮಿತ್ಸುಬಿಷಿ ಸೀಡಿಯಾ ಕಾರಿಗೆ ಗಿರಾಕಿ ಸಿಕ್ಕಿದ್ದಾರೆ. ಮಂಡ್ಯದ ಕಡೆಯವರು. ತಂದೆ ಕಬ್ಬು ಬೆಳೆಯುತ್ತಾರೆ, ಮಗ ಡಿಪ್ಲೊಮಾ ಮುಗಿಸಿ ಕೆಲಸಕ್ಕೆ ಸೇರಿದ್ದಾನೆ. ನೀನು ಹೇಳಿದ ಬೆಲೆಗಿಂತ 35,000 ರೂಪಾಯಿ ಕಡಿಮೆಗೆ ಒಪ್ಪಿಕೊಂಡಿದ್ದೇನೆ. ಫೋನಿನಲ್ಲಾದರೆ ಪೂರ್ತಿ ಕೇಳುವ ಮೊದಲೇ ಸಿಟ್ಟಾಗುತ್ತೀಯೆ, ಅದಕ್ಕೇ ಬರೆಯುತ್ತಿದ್ದೇನೆ.

"ಎಡಗಡೆ ಪೆಟ್ಟಾದ ವಿಷಯ ನೀನಾಗಿ ಎತ್ತಬೇಡಮ್ಮ, ಕೇಳಿದರೆ ಹೇಳು" ಎಂದು ನೀನು ಹೇಳಿದ್ದೆ. ಆದರೆ ನಾನೇ ಎತ್ತಿದೆ.

ಭಾನುವಾರ ಬೆಳಿಗ್ಗೆ ಏಳೂವರೆಗೇ ಬಂದರು. ಎಂಜಿನ್ ಬಿಸಿ ಮಾಡಿಟ್ಟಿರಲಿಲ್ಲ. ತಣ್ಣಗಿರುವಾಗ ಅದು ಹೇಗೆ ಸ್ಟಾರ್ಟ್ ಆಗುತ್ತದೆ ಎಂಬುದನ್ನು ಕೊಳ್ಳುವವರು ಕೇಳಬೇಕು. ಹುಡುಗ ಬಾನೆಟ್ ಎತ್ತಿಸಿ ಅಲ್ಲಿಯೇ ನಿಂತುಬಿಟ್ಟ. ಎರಡು ಲೀಟರ್ ಎಂಜಿನ್, 115 ಅಶ್ವಶಕ್ತಿ, ರ್ಯಾಲಿಗಳಲ್ಲಿ ಓಡಿದ ಮಿತ್ಸುಬಿಷಿ ಎಂದೆಲ್ಲ ಅವನಿಗೆ ಬಾಯಿಪಾಠ. ಅವನ ತಂದೆ ಮಾತಾಡದೆ ಒಂದು ಸುತ್ತು ಬಂದರು. ಬಾನೆಟ್ಟಿಗೂ ಚಕ್ರದ ಮೇಲಿನ ತಗಡಾದ ಫೆಂಡರಿಗೂ ನಡುವಿನ ಸಂದಿಯಲ್ಲಿ ಉಗುರಿಟ್ಟು ಎಳೆದರು. ಬಲಗಡೆ ಒಂದೇ ಸಮನೆ ಜಾರಿತು. ಎಡಗಡೆ ಅರ್ಧದಲ್ಲಿ ಸಿಕ್ಕಿಕೊಂಡಿತು. ತಲೆಯೆತ್ತಿ ನನ್ನನ್ನು ನೋಡಿದರು, ಏನೂ ಕೇಳಲಿಲ್ಲ.

ಒಳಗೆ ಹೋಗಿ ಬಿಲ್ಲುಗಳನ್ನು ತಂದೆ. ಶ್ರೀರಂಗಪಟ್ಟಣದ ಹತ್ತಿರ ಡಿವೈಡರಿಗೆ ತಗುಲಿದ್ದು, ಫೆಂಡರ್ ಹೊಸದಾಗಿ ಹಾಕಿಸಿದ್ದು, ಒಳಗಿನ ಚೌಕಟ್ಟಾದ ಚಾಸಿಯನ್ನು ಎಳೆಸಿ ನೇರ ಮಾಡಿಸಿದ್ದು, ಎಲ್ಲವನ್ನೂ ಹೇಳಿದೆ. "ಜಾತ್ರೆಯಲ್ಲಿ ಎತ್ತಿನ ಹಲ್ಲು ತೋರಿಸುವುದಕ್ಕೂ ಹಿಂದೆಮುಂದೆ ನೋಡುತ್ತಾರೆ ತಾಯಿ" ಎಂದರು. ಹಾಗೆಂದವರು ಚೌಕಾಸಿಯಲ್ಲಿ ಒಂದು ರೂಪಾಯಿಯನ್ನೂ ಬಿಡಲಿಲ್ಲ, ಅದು ಬೇರೆ ಮಾತು.

ಪುಟ್ಟಿ, ವಿಮಾ ಕಚೇರಿಯಲ್ಲಿ ಇಪ್ಪತ್ತೊಂಬತ್ತು ವರ್ಷ ಅಪಘಾತದ ಕಡತಗಳನ್ನು ಓದಿದವಳು ನಾನು. ಒಮ್ಮೆ ಎಳೆದು ನೇರ ಮಾಡಿದ ಕಬ್ಬಿಣ ಮತ್ತೊಂದು ಪೆಟ್ಟನ್ನು ಹೊಸದರ ಹಾಗೆ ತಡೆಯುತ್ತದೆಂಬ ಭರವಸೆ ಇಲ್ಲ. ಆ ಹುಡುಗನಿಗೆ ನಿನಗಿಂತ ಚಿಕ್ಕ ವಯಸ್ಸು. ಬೆಂಗಳೂರು ಹೆದ್ದಾರಿಗೆ ಇಳಿಯದೆ ಇರುತ್ತಾನೆಯೆ? ಮುಚ್ಚಿಟ್ಟು ಆ 35,000 ಪಡೆದಿದ್ದರೆ ನನಗೆ ನಿದ್ದೆ ಬರುತ್ತಿರಲಿಲ್ಲ.

ಇನ್ನೊಂದಕ್ಕೂ ನಿನಗೆ ಬೇಸರವಾದೀತು. ನೀನು ಆಸೆಪಟ್ಟು ಹಾಕಿಸಿದ್ದ ಜಪಾನಿನ ಸೈಲೆನ್ಸರನ್ನೂ ಕಾರನ್ನು ತಗ್ಗಿಸುವ ಸ್ಪ್ರಿಂಗುಗಳನ್ನೂ ಬಿಚ್ಚಿಸಿದ್ದೇನೆ. ತಯಾರಕರು ಕೊಟ್ಟ ವಿವರಕ್ಕೆ ಹೊಂದದ ಮಾರ್ಪಾಡು ಮಾಡುವಂತಿಲ್ಲ ಎಂದು ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು ಹೇಳುತ್ತದೆ. 2019ರಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿಯಿತು. ಹದಿನೈದು ವರ್ಷ ತುಂಬಿ ನೋಂದಣಿ ನವೀಕರಿಸುವಾಗಲೂ ಎಲ್ಲ ಬಿಚ್ಚಿ ಮತ್ತೆ ಹಾಕಿಸಿದವಳು ನೀನೇ ಅಲ್ಲವೆ? ಹೇಳದೆ ಮಾಡಿದ ಮಾರ್ಪಾಡಿನ ನೆಪದಲ್ಲಿ ವಿಮೆಯ ಹಣ ನಿಂತುಹೋದರೆ ಕಷ್ಟ ಆ ಮನೆಯವರದು. ಅಟ್ಟದ ಮೇಲೆ ಹಳೆಯ ಪತ್ರಿಕೆಗಳಲ್ಲಿ ಸುತ್ತಿಟ್ಟಿದ್ದ ಮೂಲ ಭಾಗಗಳನ್ನು ಮೇಟಗಳ್ಳಿಯ ಮೆಕ್ಯಾನಿಕ್ ಮತ್ತೆ ಜೋಡಿಸಿದ. ಅಲ್ಲಿಂದ ಬರುವಾಗ ನಮ್ಮ ಬೀದಿ ತಿರುವಿನ ಹಂಪ್ ಮೇಲೆ ಕಾರಿನ ಹೊಟ್ಟೆ ಉಜ್ಜಲಿಲ್ಲ. ಎಷ್ಟು ವರ್ಷ ಆ ಕರ್‌ ಎಂಬ ಸದ್ದಿನಿಂದಲೇ ನೀನು ಮನೆಗೆ ಬಂದೆಯೆಂದು ತಿಳಿದು ಹಾಲು ಬಿಸಿಗಿಡುತ್ತಿದ್ದೆ! ಬಿಚ್ಚಿದ್ದನ್ನೆಲ್ಲ ಒರೆಸಿ ಡಬ್ಬಿಯಲ್ಲಿಟ್ಟಿದ್ದೇನೆ. ಸ್ಪರ್ಧೆಯಲ್ಲಿ ಓಡಿಸುವವರಿಗೆ ನೀನೇ ಬೇರೆಯಾಗಿ ಮಾರು.

ಹಣ ಪೂರ್ತಿ ನಿನ್ನ ಖಾತೆಗೆ ಬಂದು, ಕಾಗದಗಳನ್ನು ಆರ್‌ಟಿಒಗೆ ಕೊಡುವವರೆಗೆ ಬೀಗದ ಕೈ ನನ್ನ ಹತ್ತಿರವೇ ಇರುತ್ತದೆ. ಮಾರಿದವರು ರಾಜ್ಯದೊಳಗಾದರೆ 14 ದಿನದಲ್ಲಿ ತಿಳಿಸಬೇಕು. ಹೆಸರು ಬದಲಾಗದೆ ಉಳಿದರೆ ಅಪಘಾತದ ಪರಿಹಾರಕ್ಕೆ ದಾಖಲೆಯಲ್ಲಿರುವ ಮಾಲೀಕರೇ ಹೊಣೆ ಎಂದು 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಹಾಗಾಗಿ ಮಾರಾಟ ತಿಳಿಸುವ ಫಾರಂ 29 ಎರಡು ಪ್ರತಿ, ಹೆಸರು ಬದಲಿಸಲು ಕೇಳುವ ಫಾರಂ 30 ಒಂದು ಈ ಪತ್ರದ ಜೊತೆಗಿವೆ. ಪೆನ್ಸಿಲ್ ಗುರುತಿರುವಲ್ಲೆಲ್ಲ ಸಹಿ ಹಾಕಿ ಕೊರಿಯರ್ ಮಾಡು. ಫಾಸ್ಟ್ಯಾಗ್ ಮುಚ್ಚಿಸು. ಕ್ಲೇಮ್ ಇಲ್ಲದ್ದಕ್ಕೆ ಸಿಕ್ಕಿದ ವಿಮಾ ರಿಯಾಯಿತಿ ಕಾರಿನದಲ್ಲ, ನಿನ್ನದು. ಅದರ ಪತ್ರವನ್ನು ಮರೆಯದೆ ತೆಗೆದುಕೊ, ಮುಂದಿನ ಕಾರಿಗೆ ಬರುತ್ತದೆ.

ಕೊನೆಯದಾಗಿ, ನಿನ್ನ ನೀಲಿ ರಟ್ಟಿನ ನೋಟ್‌ಬುಕ್. ಆಯಿಲ್ ಬದಲಾಯಿಸಿದ ಕಿಲೋಮೀಟರು, ಟೈಮಿಂಗ್ ಬೆಲ್ಟ್ ಹಾಕಿಸಿದ ದಿನ, ಬಿಡಿಭಾಗ ಸಿಗದೆ ಅಲೆದ ಅಂಗಡಿಗಳು, ಎಲ್ಲ ಅದರಲ್ಲಿದೆ. ಹುಡುಗ ಜಗಲಿಯ ಮೇಲೆ ಕುಳಿತು ಒಂದೊಂದೇ ಹಾಳೆ ಓದಿದ. ಅದನ್ನೂ ಕೊಡುತ್ತೀರಾ ಎಂದು ಕೇಳಿದ. ಮಗಳನ್ನು ಕೇಳಿ ಹೇಳುತ್ತೇನೆ ಎಂದಿದ್ದೇನೆ. ಏನು ಹೇಳಲಿ?

ನಿನ್ನ ಅಮ್ಮ