ಬಿಂದಿಗೆ ಇಡದ ದಿನ

ಗೆಳೆಯಾ,

ಮೊನ್ನೆ ಫೋನಿನಲ್ಲಿ ನೀನು ನಗುತ್ತಲೇ ಹೇಳಿದೆ: ಶುಕ್ರವಾರ ರಾತ್ರಿ ಲ್ಯಾಪ್‌ಟಾಪ್ ಮುಚ್ಚಿದವನು ಯಾರ ಜೊತೆಯೂ ಮಾತಾಡದೆ ಇದ್ದು, ಸೋಮವಾರ ಮೀಟಿಂಗ್‌ನಲ್ಲಿ ಬಾಯಿ ತೆರೆದರೆ ದನಿಯೇ ಹೊರಡಲಿಲ್ಲ, ಗಂಟಲು ಕಟ್ಟಿತ್ತು ಅಂತ. ನಾನೂ ನಕ್ಕೆ. ಆಮೇಲೆ ರಾತ್ರಿ ನಿದ್ದೆ ಬರಲಿಲ್ಲ ಕಣೋ. ನಿನ್ನ ಹೆಸರು ಹಾಕದೆ ಇದನ್ನು ಎಲ್ಲರೂ ಓದುವ ಕಡೆ ಹಾಕುತ್ತಿದ್ದೇನೆ, ಬೈಯಬೇಡ. ನಿನ್ನ ಹಾಗೆ ಗಂಟಲು ಕಟ್ಟಿದವರು ಇನ್ನೂ ನಾಲ್ಕು ಜನ ಇದ್ದಾರು.

2020ರ ಮಾರ್ಚ್ ನೆನಪಿದೆ ಅಲ್ವಾ? 24ರ ರಾತ್ರಿ ಎಂಟಕ್ಕೆ ಟಿವಿಯಲ್ಲಿ 21 ದಿನ ಲಾಕ್‌ಡೌನ್ ಅಂದರು, ಮಾರನೇ ದಿನವೇ ಯುಗಾದಿ. ಅಷ್ಟರಲ್ಲಿ ನೀನು ಪಿಜಿ ಖಾಲಿ ಮಾಡಿ ಊರು ಸೇರಿದ್ದೆ. ನಾನು ಚಾಮರಾಜಪೇಟೆಯ ವಠಾರದಲ್ಲಿ ಸಿಕ್ಕಿಕೊಂಡೆ. ಎಂಟು ಮನೆ, ಅಂಗಳದಲ್ಲಿ ಒಂದೇ ನಲ್ಲಿ, ಹಿಂದೆ ಎರಡು ಕಕ್ಕಸು. ಕಾವೇರಿ ನೀರು ದಿನ ಬಿಟ್ಟು ದಿನ, ಅದೂ ಬೆಳಗಿನ ಜಾವ, ಹಾಗಾಗಿ ಹಿಂದಿನ ರಾತ್ರಿಯೇ ಬಿಂದಿಗೆಯನ್ನು ಸಾಲಿಗೆ ಇಟ್ಟು ಮಲಗಬೇಕು. ಬೇರೆ ರೂಮು ಸಿಕ್ಕರೆ ಓಡಿಹೋಗೋಣ ಅಂತಿದ್ದೆ. ನಿನಗೆ ಗೊತ್ತಲ್ಲ, ನನಗೆ ಬಾಗಿಲು ಹಾಕಿಕೊಂಡು ಇರೋದೇ ಇಷ್ಟ.

ಲಗ್ನಪತ್ರಿಕೆ ಅಚ್ಚು ಹಾಕುವ ಸೀಸನ್ನಿನಲ್ಲೇ ಪ್ರೆಸ್ಸು ಮುಚ್ಚಿತು. ಸಂಬಳ ಅರ್ಧ. ಮೊದಲ ವಾರ ಬೇಜಾರಿತ್ತು. ಎರಡನೇ ವಾರ ಬೇಜಾರೂ ಇರಲಿಲ್ಲ, ಭಯವಾಗಿದ್ದು ಅದಕ್ಕೇ. ಅನ್ನಕ್ಕೆ ಇಡುತ್ತಿದ್ದೆ, ಅರ್ಧಕ್ಕೇ ಆರಿಸಿ ಮತ್ತೆ ಮಲಗುತ್ತಿದ್ದೆ. ಪಕ್ಕದ ಮನೆಯಲ್ಲಿ ದೂರದರ್ಶನದ ರಾಮಾಯಣ ಶುರುವಾದರೆ ಒಂಬತ್ತು ಗಂಟೆ ಆಯಿತು ಅಂತ ಗೊತ್ತಾಗೋದು. ಬೆಳಿಗ್ಗೆ ಒಂಬತ್ತೋ ರಾತ್ರಿ ಒಂಬತ್ತೋ ಅಂತ ಮಾತ್ರ ಕಿಟಕಿ ತೆಗೆದು ನೋಡಬೇಕಿತ್ತು.

ಒಂದು ನೀರಿನ ದಿನ ಬಿಂದಿಗೆ ಇಡಲಿಲ್ಲ. ಅದರ ಮುಂದಿನ ಸಲವೂ ಇಡಲಿಲ್ಲ. ಮೂರನೇ ಮನೆ ಅಜ್ಜಿ ಬಂದು ಬಾಗಿಲು ಬಡಿದರು. ಹೇಗಿದ್ದೀಯಪ್ಪಾ ಅಂತಲೂ ಕೇಳಲಿಲ್ಲ. ‘ನಿನ್ನ ಬಿಂದಿಗೆ ಎಲ್ಲಿ?’ ಅಂದರು, ಒಳ್ಳೆ ಸಾಲ ವಸೂಲಿಗೆ ಬಂದವರ ಹಾಗೆ. ತಂದು ತೋರಿಸಿದೆ. ಅಮ್ಮ ಊರಿಂದ ಕಳಿಸಿದ ತಾಮ್ರದ್ದು, ಕರ್ರಗಾಗಿತ್ತು. ತಳದಲ್ಲಿ ಎರಡು ಲೋಟ ನೀರು, ಅದರಲ್ಲಿ ಸತ್ತ ಸೊಳ್ಳೆ. ಅಜ್ಜಿ ಒಂದು ಉಂಡೆ ಹುಣಸೆಹಣ್ಣು ತಂದುಕೊಟ್ಟು, ಉಜ್ಜು ಅಂತ ಹೇಳಿ, ಸೆರಗಿನಿಂದ ಮೂಗು ಮುಚ್ಚಿಕೊಂಡು ಆರಡಿ ದೂರದ ಕಟ್ಟೆ ಮೇಲೆ ಕೂತೇಬಿಟ್ಟರು. ‘ಕಂಠದ ಹತ್ತಿರ ಇನ್ನೂ ಕಪ್ಪಿದೆ ನೋಡು, ಬಲಗಡೆ, ಇನ್ನೂ ಕೆಳಗೆ’ ಅಂತಿದ್ದರು. ಹೊಳೆಯುವ ಹೊತ್ತಿಗೆ ನಾನು ಬೆವೆತಿದ್ದೆ. ಹಸಿವಾಗಿತ್ತು! ಎಷ್ಟೋ ದಿನದ ಮೇಲೆ.

ಅಷ್ಟಕ್ಕೇ ಎಲ್ಲ ಸರಿಹೋಯಿತು ಅಂದುಕೊಳ್ಳಬೇಡ. ರಾತ್ರಿ ಎದೆ ಡವಡವ ಅನ್ನೋದು ನಿಲ್ಲಲಿಲ್ಲ. ಕೊನೆಗೆ ನಿಮ್ಹಾನ್ಸ್‌ನ ಸಹಾಯವಾಣಿಗೆ ಫೋನ್ ಮಾಡಿದೆ, ತಾರಸಿಯಲ್ಲಿ ನೀರಿನ ಟ್ಯಾಂಕಿನ ಹಿಂದೆ ನಿಂತು, ಯಾಕೆಂದರೆ ವಠಾರದಲ್ಲಿ ಸೀನಿದರೂ ಎಂಟು ಮನೆಗೆ ಗೊತ್ತಾಗುತ್ತೆ. ನಿದ್ದೆ ಎಷ್ಟು, ಊಟ ಎಷ್ಟು, ಸಾಯುವ ಯೋಚನೆ ಬರುತ್ತಾ ಅಂತ ಅವರು ನೇರವಾಗಿ ಕೇಳಿದರು. ಆ ಮೂರನೇ ಪ್ರಶ್ನೆಯನ್ನು ಅಜ್ಜಿ ಕೇಳುತ್ತಿರಲಿಲ್ಲ. ಕೇಳಿದ್ದರೂ ನಾನು ಹೇಳುತ್ತಿರಲಿಲ್ಲ.

ಇನ್ನೊಂದು ಕಥೆಯನ್ನೂ ಹೇಳಿಬಿಡುತ್ತೇನೆ. ಜುಲೈನಲ್ಲಿ ಐದನೇ ಮನೆಯ ಆಟೋ ಅಣ್ಣನಿಗೆ ಕೊರೊನಾ ಪಾಸಿಟಿವ್ ಬಂತು. ಯುಗಾದಿಗೆ ಬೇವು ಬೆಲ್ಲ ಹಂಚಿಕೊಂಡ ಅದೇ ಜನ ಅವನ ಹೆಂಡತಿಯನ್ನು ನಲ್ಲಿ ಮುಟ್ಟಲು ಬಿಡಲಿಲ್ಲ. ನಾನೂ ಸುಮ್ನೆ ನಿಂತಿದ್ದೆ, ಸುಳ್ಳು ಯಾಕೆ ಹೇಳಲಿ. ಕಡೆಗೆ ಅಜ್ಜಿಯೇ, ನಾನು ಹಿಡಿದುಕೊಡ್ತೀನಿ ಅಂತ ನೀರು ಬಂದಾಗಲೆಲ್ಲ ಎರಡು ಬಿಂದಿಗೆ ಅವರ ಹೊಸಿಲ ಮುಂದೆ ಇಟ್ಟು ಬರೋಕೆ ಶುರು ಮಾಡಿದರು, ಎರಡು ಸಲಕ್ಕೆ ನಾಚಿಕೆಯಾಗಿ ಆ ಕೆಲಸ ನಾನು ತಗೊಂಡೆ. ಅದಕ್ಕೇ ವಠಾರದ ಬದುಕು ಅಂದರೆ ಸ್ವರ್ಗ ಅನ್ನುವವರನ್ನು ಕಂಡರೆ ನನಗೆ ರೇಗುತ್ತೆ. ಅಲ್ಲಿ ಯಾರಿಗೂ ನನ್ನ ಮೇಲೆ ಅಂಥ ಅಕ್ಕರೆ ಇರಲಿಲ್ಲ. ಸಾಲಿನಲ್ಲಿ ಒಂದು ಬಿಂದಿಗೆ ಕಡಿಮೆ ಇದ್ದರೆ ಕಣ್ಣಿಗೆ ಬೀಳುತ್ತಿತ್ತು, ಅಷ್ಟೇ.

ನಿನ್ನ ಹನ್ನೊಂದನೇ ಮಹಡಿಗೆ ಹಾಲೂ ಆ್ಯಪಿನಲ್ಲೇ ಬರುತ್ತೆ. ಇವತ್ತು ನೀನು ಚೀಲದಿಂದ ತೆಗೆಯದಿದ್ದರೆ ನಾಳೆ ಎರಡು ಪ್ಯಾಕೆಟ್ ಇರುತ್ತೆ. ನೋಡಿ ಕೇಳೋರು ಯಾರು? ನಿದ್ದೆ ಕೆಟ್ಟಿದೆ ಅಂದೆಯಲ್ಲ, ಟೆಲಿ ಮಾನಸ್ ಅಂತ ಸಹಾಯವಾಣಿ ಇದೆ, 14416. ದುಡ್ಡು ಕೊಡಬೇಕಾಗಿಲ್ಲ, ಕನ್ನಡದಲ್ಲೇ ಮಾತಾಡಬಹುದು. ನಾಟಕ ಮಾಡದೆ ಫೋನ್ ಮಾಡು. ಮತ್ತೆ ದಿನಾ ಬೆಳಿಗ್ಗೆ ಹಾಲು ತೆಗೆದ ತಕ್ಷಣ ನನಗೊಂದು ಮಿಸ್ಡ್ ಕಾಲ್ ಕೊಡು. ಬರದಿದ್ದರೆ ನಾನೇ ಮಾಡ್ತೀನಿ, ಮೀಟಿಂಗ್ ಇದ್ದರೂ ಸರಿ.

ಈ ಭಾನುವಾರ ನಮ್ಮಲ್ಲಿ ನೀರಿನ ದಿನ. ಶನಿವಾರ ರಾತ್ರಿಯೇ ಬಂದು ಮಲಗು, ಬೆಳಿಗ್ಗೆ ಹಿಡಿಯೋಕೆ ಇನ್ನೊಂದು ಕೈ ಆದರೂ ಸಿಗುತ್ತೆ. ಅಜ್ಜಿ ಇನ್ನೂ ಮೂರನೇ ಮನೇಲೇ ಇದ್ದಾರೆ. ಕಿವಿ ಈಗ ಮಂದ, ಜೋರಾಗಿ ಮಾತಾಡಬೇಕು. ಗಂಟಲು ಸರಿಮಾಡಿಕೊಂಡು ಬಾ.

ನಿನ್ನವನೇ